ಒಂಬತ್ತು ಪಿನ್ನಿನ ಕಿಂಡಿ

ಯಂತ್ರ ಯಾವುದೇ ಇರಲಿ, ಅದರ ಮುಖಕ್ಕಿಂತ ಮೊದಲು ಬೆನ್ನು ನೋಡಬೇಕು ಎನ್ನುವವನು ನಾನು. ಮುಖದಲ್ಲಿ ಏನಿರುತ್ತದೆ? ಹೊಳೆಯುವ ಅಂಕಿ, ಕಂಪೆನಿಯ ಹೆಸರು, ಒತ್ತುವುದಕ್ಕೆ ನಾಲ್ಕು ಗುಂಡಿ. ಆದರೆ ಆ ಯಂತ್ರಕ್ಕೆ ಹೊರಗಿನವರ ಬಳಕೆ ಎಷ್ಟುಂಟು, ಯಾರ ಹತ್ತಿರ ಮಾತಾಡಲು ಅದಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ ಹಿಂದಕ್ಕೇ ಹೋಗಬೇಕು. ಬದಿಯಡ್ಕ ಪೇಟೆಯಲ್ಲಿ ಅಡಿಕೆ ತೂಗುವ ಅಂಗಡಿಗೆ ಹೋಗಿ ನೋಡಿ. ಹಾಲಿನ ಸೊಸೈಟಿಯಲ್ಲಿ ಫ್ಯಾಟ್ ನೋಡುವ ಯಂತ್ರದ ಹಿಂದೆ ಬಗ್ಗಿ ನೋಡಿ. ಲಾರಿ ತೂಗುವ ವೇಬ್ರಿಡ್ಜಿನ ಪಕ್ಕದ ಕೋಣೆ, ರಕ್ತ ಪರೀಕ್ಷೆಯ ಲ್ಯಾಬು, ಹಳೆಯ ಬಿಲ್ಲಿನ ಮೆಷಿನ್ನು, ಎಲ್ಲೇ ಹೋಗಿ. ಹಿಂಬದಿಯಲ್ಲಿ, ಮೂಲೆಯಲ್ಲಿ, ಜೇಡನ ಬಲೆಯ ಮರೆಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಒಂದು ಕಿಂಡಿ ಸಿಕ್ಕಿಯೇ ಸಿಗುತ್ತದೆ. ಮೇಲೆ ಐದು, ಕೆಳಗೆ ನಾಲ್ಕು, ಒಟ್ಟು ಒಂಬತ್ತು ಪಿನ್ನು. ಅದೇ ಸೀರಿಯಲ್ ಪೋರ್ಟು. ಬಹಳ ಕಡೆ ಅದಕ್ಕೆ ಕೇಬಲ್ಲೇ ಹಾಕಿರುವುದಿಲ್ಲ. ಮಾತಾಡಲು ಸಿದ್ಧವಾಗಿ ಕೂತಿರುವ ಯಂತ್ರ, ಕೇಳುವವರಿಲ್ಲ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ, ಮಾರಾಯ್ರೆ.

ಈ ಕಿಂಡಿಗೂ ನಮ್ಮ ಕಾಸರಗೋಡು ಜಿಲ್ಲೆಗೂ ಒಂದು ನಂಟುಂಟು, ಯಾರೂ ಹೇಳುವುದಿಲ್ಲ. ನಮ್ಮ ಜಿಲ್ಲೆ ಹುಟ್ಟಿದ್ದು 1984ರ ಮೇ 24ಕ್ಕೆ. ಅದೇ ವರ್ಷ ಆಗಸ್ಟಿನಲ್ಲಿ ಐಬಿಎಂ ಕಂಪೆನಿ ಪಿಸಿ ಎಟಿ ಎಂಬ ಕಂಪ್ಯೂಟರನ್ನು ಹೊರತಂದಿತು. ಅದುವರೆಗೆ ಇಪ್ಪತ್ತೈದು ಪಿನ್ನಿನ ಅಗಲದ ಕಿಂಡಿಯಿದ್ದುದನ್ನು ಒಂಬತ್ತಕ್ಕೆ ಇಳಿಸಿ ಜಗತ್ತಿಗೆಲ್ಲ ರೂಢಿ ಮಾಡಿಸಿದ್ದು ಆ ಕಂಪ್ಯೂಟರು. ಅಂದರೆ ಜಿಲ್ಲೆ ಮತ್ತು ಒಂಬತ್ತು ಪಿನ್ನು ಒಂದೇ ವಾರಿಗೆಯವು. ಒಳಗಿನ ಕಟ್ಟಳೆ ಮಾತ್ರ ಇನ್ನೂ ಹಿರಿಯದು. ಆರ್‌ಎಸ್-232 ಎಂದು ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮದವರ ಸಂಘ ಅದನ್ನು 1960ರಲ್ಲಿ ಬರೆದಿಟ್ಟಿತು. ನಾವು ಇಂದಿಗೂ ಬಳಸುವ ರೂಪ ಹೆಚ್ಚುಕಡಿಮೆ 1969ರ ತಿದ್ದುಪಡಿಯದು. ಒಂದು ತಂತಿಯಲ್ಲಿ ಹೋಗುವ ಮಾತು, ಇನ್ನೊಂದರಲ್ಲಿ ಬರುವ ಮಾತು, ಮೂರನೆಯದು ನೆಲ. ಬಡತನದ ಸಂಸಾರಕ್ಕೆ ಈ ಮೂರೇ ಸಾಕು. ಉಳಿದ ಆರು ‘ನಾನು ಎದ್ದಿದ್ದೇನೆ’, ‘ಸ್ವಲ್ಪ ನಿಲ್ಲು’, ‘ಈಗ ಹೇಳು’ ಎಂಬಂಥ ಉಪಚಾರಕ್ಕೆ. ತಂತಿಯಲ್ಲಿ ವೋಲ್ಟೇಜು ಮೈನಸ್ ಮೂರರಿಂದ ಹದಿನೈದರೊಳಗೆ ಇದ್ದರೆ ಅದು ಒಂದು. ಪ್ಲಸ್ ಮೂರರಿಂದ ಹದಿನೈದರೊಳಗೆ ಇದ್ದರೆ ಸೊನ್ನೆ. ನಡುವೆ ಇದ್ದರೆ? ನಡುವೆ ಇದ್ದರೆ ಅರ್ಥವಿಲ್ಲ. ಅಷ್ಟು ಖಡಾಖಂಡಿತ.

ಇನ್ನೂ ಹಿಂದೆ ಹೋಗೋಣವೇ? ಅವಸರವೇನೂ ಇಲ್ಲವಲ್ಲ. ಈ ಪೋರ್ಟಿನ ಅಜ್ಜನ ಮನೆ ಇರುವುದು ತಾರಾಫೀಸಿನಲ್ಲಿ. ಫ್ರಾನ್ಸಿನ ಎಮಿಲ್ ಬಾಡೊ 1874ರಲ್ಲಿ ಒಂದು ಅಕ್ಷರಕ್ಕೆ ಐದು ಗುರುತು ಎಂಬ ಲೆಕ್ಕದ ತಂತಿ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಸಂತತಿಯೇ ಟೆಲಿಪ್ರಿಂಟರ್. ಪತ್ರಿಕಾ ಕಚೇರಿಗಳಲ್ಲಿ ರಾತ್ರಿಯಿಡೀ ಕಟಕಟ ಎನ್ನುತ್ತಾ ಸುದ್ದಿ ಉಗುಳುತ್ತಿದ್ದ ಆ ಪೆಟ್ಟಿಗೆಯನ್ನು ಹಿರಿಯ ಪತ್ರಕರ್ತರು ಈಗಲೂ ನೆನೆಸುತ್ತಾರೆ. ಎರಡು ಊರಿನ ಎರಡು ಮೋಟಾರುಗಳು ಒಂದೇ ವೇಗದಲ್ಲಿ ತಿರುಗುವುದು ಕಷ್ಟ. ಅದಕ್ಕೆ ಉಪಾಯವೇನು? ಪ್ರತಿ ಅಕ್ಷರದ ಮುಂದೆ ‘ಇಗೋ ಬಂದೆ’ ಎಂಬ ಒಂದು ಗುರುತು, ಹಿಂದೆ ‘ಮುಗಿಯಿತು’ ಎಂಬ ಇನ್ನೊಂದು. ಮೊದಲ ಗುರುತು ಸಿಕ್ಕ ಕೂಡಲೇ ಕೇಳುವ ಯಂತ್ರ ತಾಳ ಹಿಡಿದು ಎಣಿಸಬೇಕು. ಕೊನೆಯ ಗುರುತಿಗೆ ತಾಳ ಬಿಡಬೇಕು. ಮುಂದಿನ ಅಕ್ಷರಕ್ಕೆ ಹೊಸ ಎಣಿಕೆ. ಹೀಗಾಗಿ ಸಣ್ಣ ತಪ್ಪು ಸೇರಿಸೇರಿ ದೊಡ್ಡದಾಗುವುದಿಲ್ಲ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಜನ ಕೊನೆಯ ದಿನ ಸಾಲುಗಟ್ಟಿ ತಂತಿ ಕಳಿಸಿದರು, ಪೇಪರಿನಲ್ಲಿ ಫೋಟೋ ಬಂತು. ಆದರೆ ತಂತಿಯ ಆ ಎರಡು ಗುರುತು, ಸ್ಟಾರ್ಟ್ ಬಿಟ್ ಮತ್ತು ಸ್ಟಾಪ್ ಬಿಟ್, ನಮ್ಮ ಸೊಸೈಟಿಯ ತೂಕದ ಯಂತ್ರದ ಬೆನ್ನಿನಲ್ಲಿ ದಿನ ಬೆಳಿಗ್ಗೆ ಕೆಲಸ ಮಾಡುತ್ತಲೇ ಇವೆ. ಅವುಗಳಿಗೆ ಯಾರೂ ವಿದಾಯ ಹೇಳಿಲ್ಲ, ಹೇಳುವ ಅಗತ್ಯವೂ ಬಂದಿಲ್ಲ.

ವೇಗದ ಮಾತು ಬಂತು. ಹಳೆಯ ಟೆಲಿಪ್ರಿಂಟರಿನದು ಸೆಕೆಂಡಿಗೆ ಐವತ್ತು ಗುರುತು. ಇಂದಿನ ಸೀರಿಯಲ್ ಯಂತ್ರಗಳಲ್ಲಿ ತೀರಾ ಸಾಮಾನ್ಯವಾದದ್ದು 9600. ಒಂದು ಬೈಟಿಗೆ ಎಂಟು ಬಿಟ್ಟು, ಹಿಂದೆಮುಂದೆ ಒಂದೊಂದು ಸೇರಿ ಹತ್ತು. ಹಾಗಾದರೆ ಸೆಕೆಂಡಿಗೆ 960 ಬೈಟು. ‘ಕಾಸರಗೋಡು’ ಎಂದು ಕನ್ನಡದಲ್ಲಿ ಯೂನಿಕೋಡಿನಲ್ಲಿ ಬರೆದರೆ ಅಕ್ಷರ ಮತ್ತು ಗುಣಿತ ಸೇರಿ ಎಂಟು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಟ್ಟು 24. ಸೀರಿಯಲ್ ತಂತಿಯಲ್ಲಿ ನಮ್ಮ ಊರಿನ ಹೆಸರು ದಾಟುವುದಕ್ಕೆ ಒಂದು ಸೆಕೆಂಡಿನ ನಲವತ್ತನೆಯ ಒಂದು ಪಾಲು ಹಿಡಿಯುತ್ತದೆ. ಮಲಯಾಳದಲ್ಲಿ ಬರೆದರೆ? ಅದನ್ನೂ ಎಣಿಸಿದೆ. ಅಲ್ಲಿಯೂ ಎಂಟು ಸಂಕೇತ, 24 ಬೈಟು! ಇಲ್ಲಿ ಉಕಾರ, ಅಲ್ಲಿ ಚಂದ್ರಕಲೆ. ತೂಕ ಮಾತ್ರ ಸಮಸಮ. ಈ ಲೆಕ್ಕ ಸಿಕ್ಕಿದ ದಿನ ನನಗಾದ ಖುಷಿ ಹೇಳತೀರದು. ಏಳು ಭಾಷೆಯ ನೆಲ ಎಂದು ಭಾಷಣದಲ್ಲಿ ಕೇಳಿದ್ದಕ್ಕಿಂತ ಇದು ಹೆಚ್ಚು ಹತ್ತಿರದ್ದು ಎನಿಸಿತು.

ಸರಿ, ಇಷ್ಟೆಲ್ಲ ಯಾಕೆ ಬಂತೆಂದರೆ ನಮ್ಮ ಭಾವನ ಮಳೆಮಾಪಕದಿಂದ. ಭಾವನ ತೋಟ ಇರುವುದು ಎಣ್ಮಕಜೆಯ ಕಡೆ, ಗುಡ್ಡದ ಇಳಿಜಾರಿನಲ್ಲಿ. ಆ ಕಡೆಯ ಕೃಷಿಕರಿಗೆ ಮಳೆಯ ಲೆಕ್ಕದ ಹುಚ್ಚು ಹೆಚ್ಚು. ಬೆಳಿಗ್ಗೆ ಎದ್ದು ಅಳತೆಯ ಗಾಜಿನಲ್ಲಿ ನೀರು ಸುರಿದು, ಡೈರಿಯಲ್ಲಿ ಬರೆದು, ಆಮೇಲೆ ಕಾಫಿ. ಶ್ರೀಪಡ್ರೆಯವರ ಊರಲ್ಲವೇ ಅದು? ಮಳೆನೀರಿನ ಬಗ್ಗೆ, ಸುರಂಗದ ಬಗ್ಗೆ ಅವರು ಬರೆದದ್ದನ್ನು ಓದಿ ಬೆಳೆದ ಮನೆಗಳು ಅಲ್ಲಿ ಬೇಕಾದಷ್ಟುಂಟು. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗದಲ್ಲಿ ಮುರಕಲ್ಲು ಕೊರೆದು, ಪಂಪಿಲ್ಲದೆ ನೀರು ಹರಿಸಿ ತಂದ ಜನ ಅವರು. ಸುರಂಗದ ನೀರು ಎಷ್ಟು ಬರುತ್ತದೆ ಎಂಬುದು ಗುಡ್ಡ ಕುಡಿದ ಮಳೆಯ ಮೇಲೆ ನಿಂತದ್ದು, ಹಾಗಾಗಿ ಲೆಕ್ಕ ಬೇಕೇ ಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಒಂದು ಎಕರೆ ತೋಟದ ಮೇಲೆ ಒಂದು ವರ್ಷದಲ್ಲಿ ಒಂದು ಕೋಟಿ ನಲವತ್ತು ಲಕ್ಷ ಲೀಟರ್ ನೀರು ಸುರಿಯುತ್ತದೆ. ಓದಿ ಮುಂದೆ ಹೋಗಬೇಡಿ, ಒಮ್ಮೆ ನಿಂತು ಆ ಸಂಖ್ಯೆ ನೋಡಿ. ಇಷ್ಟು ಸುರಿದೂ ಏಪ್ರಿಲಿನಲ್ಲಿ ಟ್ಯಾಂಕರ್ ಬರುವ ಊರುಗಳುಂಟಲ್ಲ ನಮ್ಮಲ್ಲಿ!

ಭಾವ ಗಾಜಿನ ಮಾಪಕದ ಜೊತೆಗೆ ಒಂದು ಎಲೆಕ್ಟ್ರಾನಿಕ್ ಮಾಪಕವನ್ನೂ ತರಿಸಿದ್ದ. ಅದರೊಳಗೆ ಎರಡು ಪುಟ್ಟ ಬಟ್ಟಲು. 0.2 ಮಿಲಿಮೀಟರ್ ಮಳೆಗೆ ಒಂದು ಬಟ್ಟಲು ತುಂಬಿ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದೊಂದು ಮಗುಚುವಿಕೆಗೆ ಒಂದು ಎಣಿಕೆ. ವರ್ಷದ ಮಳೆಗೆ ಹದಿನೇಳೂವರೆ ಸಾವಿರ ಸಲ ಮಗುಚಬೇಕು ಪಾಪ. ತಂತಿ ಬಂದು ಚಾವಡಿಯ ಪೆಟ್ಟಿಗೆ ಸೇರುತ್ತದೆ. ಆ ಪೆಟ್ಟಿಗೆಯ ಬೆನ್ನಿನಲ್ಲಿ ನಮ್ಮ ಒಂಬತ್ತು ಪಿನ್ನು. ನಿಮಿಷಕ್ಕೊಂದು ಸಾಲು ಹೊರಗೆ ಬರುತ್ತದೆ: ಹೊತ್ತು, ಮಳೆ, ಉಷ್ಣತೆ, ತೇವ. ಜುಲೈ ತಿಂಗಳೆಂದರೆ ಅಡಿಕೆಗೆ ಮಹಾಳಿ ರೋಗ ಬರುವ ಕಾಲ. ಮೈಲುತುತ್ತು, ಸುಣ್ಣ ಸೇರಿಸಿ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಹೊಡೆಯಬೇಕು. ಗೊನೆಯ ಮೇಲೆ ಅದು ಒಣಗಿ ಹಿಡಿಯುವಷ್ಟು ಹೊತ್ತು ಮಳೆ ಬಿಡಬೇಕು. ಮರ ಏರುವವರು ಸಿಗುವ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವರು ಇನ್ನೊಬ್ಬರ ತೋಟದಲ್ಲಿ. ಈ ಸಂಕಟದಲ್ಲಿ ಹೊಳವು ಯಾವಾಗ ಕೊಡುತ್ತದೆ ಎಂಬುದಕ್ಕೆ ನಾಲ್ಕಾರು ವರ್ಷದ ಗಂಟೆಗಂಟೆಯ ಲೆಕ್ಕ ಕೈಯಲ್ಲಿದ್ದರೆ ಅದೊಂದು ಆಸ್ತಿ. ಹಾಗೆಂದು ಭಾವ ಹೇಳುತ್ತಾನೆ, ನಾನೂ ಒಪ್ಪುತ್ತೇನೆ.

ಮಾಪಕದ ಸಾಲುಗಳನ್ನು ಚಾವಡಿಯ ಹಳೆಯ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತಿತ್ತು. ಅಲ್ಲಿಗೆ ಸುಖಾಂತವಾಗಬೇಕಿತ್ತು. ಆದರೆ ಬೆಂಗಳೂರಿನಲ್ಲಿರುವ ಮಗನಿಗೆ ಆ ಲೆಕ್ಕ ಅಲ್ಲಿಂದಲೇ ಕಾಣಬೇಕು. ಪಕ್ಕದ ತೋಟದ ಬ್ಯಾರಿಗಳ ಮನೆಯ ಹುಡುಗ ಶಾರ್ಜಾದಲ್ಲಿ. ಅವನ ತೋಟಕ್ಕೂ ಇದೇ ಮಳೆ, ಅವನಿಗೂ ಬೇಕು. ಒಂದು ಯಂತ್ರ, ಮೂರು ಕಡೆಯ ಪ್ರೋಗ್ರಾಮು. ಕಿಂಡಿಯೋ ಒಂದೇ.

ಇಲ್ಲಿ ಸೀರಿಯಲ್ ಪೋರ್ಟಿನ ಸ್ವಭಾವ ಹೇಳಬೇಕು. ಅದಕ್ಕೆ ವಿಳಾಸವಿಲ್ಲ, ಹೆಸರು ಕೇಳುವ ಅಭ್ಯಾಸವಿಲ್ಲ. ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ, ಅಷ್ಟೇ ಎಂದು ನಂಬಿ ಹುಟ್ಟಿದ್ದು ಅದು. ವಿಂಡೋಸಿನಲ್ಲಿ ಒಂದು ಪ್ರೋಗ್ರಾಮು ‘ಕಾಮ್ 1’ ಎಂಬ ಪೋರ್ಟನ್ನು ಹಿಡಿದುಕೊಂಡಿದ್ದರೆ ಎರಡನೆಯದಕ್ಕೆ ‘ಪ್ರವೇಶವಿಲ್ಲ’ ಎಂಬ ಉತ್ತರ ಸಿಗುತ್ತದೆ. ಲಿನಕ್ಸ್ ಸ್ವಲ್ಪ ಉದಾರಿ, ಇಬ್ಬರಿಗೂ ಬಾಗಿಲು ತೆಗೆಯುತ್ತದೆ; ಆದರೆ ಒಮ್ಮೆ ಓದಿದ ಬೈಟು ಹೋಯಿತು, ಎರಡನೆಯವನಿಗೆ ಇಲ್ಲ. ತೂಕದ ಯಂತ್ರ 48.250 ಎಂದು ಕಳಿಸಿದರೆ ಒಬ್ಬನಿಗೆ 48 ಸಿಗಬಹುದು, ಇನ್ನೊಬ್ಬನಿಗೆ .250 ಸಿಗಬಹುದು. ಇಬ್ಬರ ಲೆಕ್ಕವೂ ಕೆಟ್ಟಿತು, ಇಬ್ಬರಿಗೂ ಕಾರಣ ಗೊತ್ತಿಲ್ಲ. ವಿಂಡೋಸಿನ ಬಿಗುವು ಮೊದಲಿಗೆ ಸಿಟ್ಟು ತರಿಸಿದರೂ ಅದೇ ಮೇಲು ಎಂದು ನನ್ನ ಅನಿಸಿಕೆ. ಸಿಗದ ಉತ್ತರಕ್ಕಿಂತ ಅರ್ಧ ಉತ್ತರ ಅಪಾಯ.

ಹಾಗಾದರೆ ದಾರಿ ಏನು? ಪೋರ್ಟಿನ ಬಾಯಿಗೆ ಒಬ್ಬನೇ ಕೂರಬೇಕು, ಅವನು ಕೇಳಿದ್ದನ್ನು ನೆಟ್‌ವರ್ಕಿನಲ್ಲಿ ಉಳಿದವರಿಗೆಲ್ಲ ಹಂಚಬೇಕು. ಹೀಗೆ ಕೂರುವ ಪ್ರೋಗ್ರಾಮುಗಳು ಬಹಳ ಕಾಲದಿಂದ ಇವೆ. ಕೋರಿ ಮಿನ್ಯಾರ್ಡ್ ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸರ್‌ಟುನೆಟ್ ಅದರಲ್ಲಿ ಒಂದು. ಯಾವ ಪೋರ್ಟು, ಯಾವ ವೇಗ, ನೆಟ್‌ವರ್ಕಿನ ಯಾವ ನಂಬರಿನಲ್ಲಿ ಕಾಯಬೇಕು ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು, ಸದ್ದಿಲ್ಲದೆ ಕೂತಿರುತ್ತದೆ. ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಹಲಗೆ, ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ಲು ಇದ್ದರೆ ಅದಕ್ಕೆ ಮನೆಯಾಯಿತು. ದೊಡ್ಡ ಕಂಪ್ಯೂಟರು ಹಗಲುರಾತ್ರಿ ಕರೆಂಟು ತಿನ್ನುವ ಅಗತ್ಯವಿಲ್ಲ. ಆಚೆ ತುದಿಯಲ್ಲಿ ಮಗನ ಪ್ರೋಗ್ರಾಮಿಗೆ ನೆಟ್‌ವರ್ಕಿನ ಗೋಜು ಗೊತ್ತಿಲ್ಲ, ಅದಕ್ಕೆ ಪೋರ್ಟೇ ಬೇಕು ಎಂದಾದರೆ? ಲಿನಕ್ಸಿನಲ್ಲಿ ಸೋಕ್ಯಾಟ್, ವಿಂಡೋಸಿನಲ್ಲಿ ಕಾಮ್‌ಝೀರೋಕಾಮ್ ಎಂಬವು ಒಂದು ತೋರಿಕೆಯ ಪೋರ್ಟನ್ನೇ ಸೃಷ್ಟಿಸಿ ಕೊಡುತ್ತವೆ. ಎಣ್ಮಕಜೆಯ ಕಿಂಡಿ ಬೆಂಗಳೂರಿನ ಕಂಪ್ಯೂಟರಿನಲ್ಲಿ ಹುಟ್ಟಿಕೊಳ್ಳುತ್ತದೆ. ಪ್ರೋಗ್ರಾಮಿಗೆ ತಾನು ಗುಡ್ಡದ ಬುಡದಲ್ಲೇ ಇದ್ದೇನೆ ಎಂಬ ಭಾವನೆ. ಇನ್ನು ದೂರದಿಂದಲೇ ವೇಗ ಬದಲಿಸಬೇಕು, ಆ ಉಪಚಾರದ ತಂತಿಗಳನ್ನು ಎಬ್ಬಿಸಬೇಕು, ಮಲಗಿಸಬೇಕು ಎಂದರೆ ಅದಕ್ಕೂ 1997ರ ಅಕ್ಟೋಬರಿನಲ್ಲಿ ಕಟ್ಟಳೆ ಬರೆದಿದ್ದಾರೆ, ಆರ್‌ಎಫ್‌ಸಿ 2217 ಎಂದು. ಇಷ್ಟು ಹಳೆಯ ಕಿಂಡಿಯ ಬಗ್ಗೆ ಇಷ್ಟು ಕಾಳಜಿ ವಹಿಸಿದವರಿದ್ದಾರೆ ಎಂಬುದೇ ಸಂತೋಷದ ವಿಷಯ.

ಇನ್ನೊಂದು ತಮಾಷೆ ನೋಡಿ. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತಲ್ಲ, ಆಗ ಇಂಟರ್ನೆಟ್ ಮನೆಯೊಳಗೆ ಬಂದದ್ದು ಎಲ್ಲಿಂದ? ಕೀರಲು ದನಿಯ ಮೋಡೆಮ್ಮಿನಿಂದ, ಆ ಮೋಡೆಮ್ಮು ಕೂತದ್ದು ಇದೇ ಒಂಬತ್ತು ಪಿನ್ನಿಗೆ. ಅಂದು ಸೀರಿಯಲ್ ಪೋರ್ಟಿನ ಬೆನ್ನೇರಿ ನೆಟ್‌ವರ್ಕ್ ಬಂತು. ಇಂದು ನೆಟ್‌ವರ್ಕಿನ ಬೆನ್ನೇರಿ ಸೀರಿಯಲ್ ಪೋರ್ಟು ಶಾರ್ಜಾಕ್ಕೆ ಹೋಗುತ್ತದೆ.

ಕೇಳುವವರು ಮೂವರಲ್ಲ, ಮೂವತ್ತು ಮಂದಿಯಾದರೂ ತೊಂದರೆಯಿಲ್ಲ. ಒಂದೇ ಸಾಲನ್ನು ಮೂವತ್ತು ಕಡೆಗೆ ಕಳಿಸಿದರಾಯಿತು. ತೊಂದರೆ ಇರುವುದು ಯಂತ್ರಕ್ಕೆ ಹೇಳುವುದರಲ್ಲಿ. ಭಾವನ ಮಾಪಕಕ್ಕೆ ಕೆಲವು ಆಜ್ಞೆಗಳುಂಟು: ಗಡಿಯಾರ ತಿದ್ದು, ಇಷ್ಟರವರೆಗಿನ ಒಟ್ಟು ಕೊಡು, ಒಟ್ಟನ್ನು ಸೊನ್ನೆ ಮಾಡು. ಮಗ ‘ಗಡಿಯಾರ’ ಎನ್ನುತ್ತಿರುವಾಗಲೇ ಶಾರ್ಜಾದ ಹುಡುಗ ‘ಒಟ್ಟು’ ಎಂದರೆ ಎರಡರ ಅಕ್ಷರಗಳೂ ಕಲಸಿಹೋಗಿ ಯಂತ್ರಕ್ಕೆ ಮೂರನೆಯದೇ ಏನೋ ಕೇಳಿಸಬಹುದು. ಇದನ್ನು ಭಾವನಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದಾಗ ಅವನೇ ಕೇಳಿದ, “ಭಾವ, ತಾಳಮದ್ದಳೆಯಲ್ಲಿ ವಾಲಿ ಸುಗ್ರೀವ ಇಬ್ಬರೂ ಒಟ್ಟಿಗೆ ಅರ್ಥ ಹೇಳಿದರೆ ಹೇಗೋ, ಹಾಗಾ?” ಹಾಗೆಯೇ! ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವನಿಗೆ ನಾನೇನು ಹೇಳಿಕೊಡುವುದು? ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥ ಕೇಳಲು ರಾತ್ರಿ ನಡೆದುಕೊಂಡು ಹೋದವರು ನಮ್ಮಲ್ಲಿ ಇನ್ನೂ ಇದ್ದಾರೆ. ಸಭೆಯಲ್ಲಿ ನೂರು ಜನ ಕೂತರೂ ಮಾತು ಕಡಿಮೆಯಾಗುವುದಿಲ್ಲ. ಆದರೆ ಎದುರು ಅರ್ಥಧಾರಿ ಎಷ್ಟೇ ಕುದಿಯುತ್ತಿರಲಿ, ಇವರ ಮಾತು ಮುಗಿಯುವವರೆಗೆ ಕಾಯಲೇಬೇಕು, ಭಾಗವತರು ಪದ ಎತ್ತಿಕೊಡಬೇಕು. ಪೋರ್ಟಿನ ಬಾಯಲ್ಲಿ ಕೂತ ಪ್ರೋಗ್ರಾಮಿಗೂ ಭಾಗವತಿಕೆಯೇ ಕೆಲಸ. ಕೆಲವನ್ನು ಹೀಗೆ ಕೂರಿಸಬಹುದು: ಒಬ್ಬನಿಗೆ ಮಾತ್ರ ಒಳಗೆ ಜಾಗ, ಉಳಿದವರಿಗೆ ಬಾಗಿಲು ಹಾಕು. ಅಥವಾ, ಹೊಸಬ ಬಂದರೆ ಹಳಬನನ್ನು ಎಬ್ಬಿಸು. ಅಥವಾ, ಎಲ್ಲರನ್ನೂ ಬಿಡು. ಸರ್‌ಟುನೆಟ್ಟಿನಲ್ಲಿ ಈ ಮೂರಕ್ಕೂ ಅವಕಾಶವುಂಟು, ಆದರೆ ಎಲ್ಲರನ್ನೂ ಬಿಟ್ಟಾಗ ಎಲ್ಲರೂ ಮಾತಾಡಲೂಬಹುದು. ಆಗ ದೂರದವರಿಗೆ ಬರೇ ಕೇಳುವ ದಾರಿ ಮಾಡಿ, ಹೇಳುವ ದಾರಿಯನ್ನು ಕತ್ತರಿಸಿಬಿಡುವುದು ಕ್ಷೇಮ. ಜೂನ್ ಒಂದರಿಂದ ಕೂಡಿಸಿಕೊಂಡು ಬಂದ ಮಳೆಯ ಒಟ್ಟು ಯಾರದೋ ಕೈತಪ್ಪಿನಿಂದ ಸೊನ್ನೆಯಾದರೆ ಭಾವನ ಮುಖ ನೋಡುವವರು ಯಾರು?

ಬರೇ ಇಣುಕುವುದೂ ಕೆಲವೊಮ್ಮೆ ನಿರಪಾಯವಲ್ಲ. ಪೋರ್ಟಿನ ಬಾಗಿಲು ತೆಗೆದ ಕೂಡಲೇ ಡಿಟಿಆರ್ ಎಂಬ ಉಪಚಾರದ ತಂತಿ ಎದ್ದು ನಿಲ್ಲುತ್ತದೆ. ಹುಡುಗರು ಕಲಿಯಲು ಬಳಸುವ ಆರ್ಡುಯಿನೋ ಹಲಗೆಗಳಲ್ಲಿ ಬಹಳಷ್ಟು, ಅದನ್ನೇ ‘ಮೊದಲಿಂದ ಶುರು ಮಾಡು’ ಎಂಬ ಅಪ್ಪಣೆಯಾಗಿ ತೆಗೆದುಕೊಳ್ಳುತ್ತವೆ. ನೋಡಲು ಬಂದವನಿಂದ ಯಂತ್ರ ಎದ್ದು ಕೂತು, ಅದುವರೆಗೆ ಎಣಿಸಿದ್ದನ್ನು ಮರೆತುಬಿಡುತ್ತದೆ.

ಮೌನಕ್ಕೂ ಅರ್ಥವಿರುವ ಯಂತ್ರಗಳಿವೆ, ಗೊತ್ತೇ? ಕಾರ್ಖಾನೆಗಳಲ್ಲಿ, ಸೋಲಾರ್ ಇನ್ವರ್ಟರುಗಳಲ್ಲಿ, ಕರೆಂಟಿನ ಮೀಟರುಗಳಲ್ಲಿ ಮಾಡ್‌ಬಸ್ ಎಂಬ ಮಾತಿನ ಕ್ರಮವುಂಟು. 1979ರಲ್ಲಿ ಮಾಡಿಕಾನ್ ಕಂಪೆನಿ ಮಾಡಿದ್ದು. ಅದರ ಸೀರಿಯಲ್ ರೂಪದಲ್ಲಿ ಒಂದು ವಾಕ್ಯ ಮುಗಿಯಿತು ಎಂಬುದಕ್ಕೆ ಗುರುತು ಯಾವ ಅಕ್ಷರವೂ ಅಲ್ಲ, ಮೂರೂವರೆ ಅಕ್ಷರದಷ್ಟು ಹೊತ್ತಿನ ಮೌನ. ತಂತಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ನೆಟ್‌ವರ್ಕು ಮಾತ್ರ ಮೌನವನ್ನು ಒಯ್ಯುವುದಿಲ್ಲ. ಅದು ಮಾತುಗಳನ್ನು ಪೊಟ್ಟಣ ಕಟ್ಟಿ, ಸಮಯ ಸಿಕ್ಕಾಗ ಕಳಿಸಿ, ಆಚೆ ಬದಿಯಲ್ಲಿ ಒಟ್ಟಿಗೆ ಸುರಿಯುತ್ತದೆ. ಎರಡು ವಾಕ್ಯ ಅಂಟಿಕೊಂಡು ಬರಬಹುದು, ಒಂದು ವಾಕ್ಯ ನಡುವೆ ತುಂಡಾಗಿಯೂ ಬರಬಹುದು. ಹಾಗಾಗಿ ಅಂಥ ಯಂತ್ರಗಳಿಗೆ ಬೈಟು ಸಾಗಿಸುವ ಸರಳ ಹಾದಿ ಸಾಲದು. ಆ ಮಾತಿನ ವ್ಯಾಕರಣ ಬಲ್ಲ ದುಭಾಷಿ ಯಂತ್ರದ ಹತ್ತಿರವೇ ಕೂತು, ವಾಕ್ಯವನ್ನು ಪೂರ್ತಿ ಕೇಳಿ, ಆಮೇಲೆ ಕಳಿಸಬೇಕು. ಭಾವನ ಮಾಪಕದ ಪುಣ್ಯ, ಅದು ಸಾಲಿನ ಕೊನೆಗೆ ಸಾಲು ಮುಗಿದ ಗುರುತು ಹಾಕುತ್ತದೆ.

ನೆಟ್‌ವರ್ಕೇ ಯಾಕೆ, ಉದ್ದ ತಂತಿ ಎಳೆದರಾಗದೇ ಎಂದು ಕೇಳುವವರುಂಟು. ಆರ್‌ಎಸ್-232ಕ್ಕೆ ಹದಿನೈದು ಮೀಟರ್ ಎಂದು ಹಳೆಯ ಲೆಕ್ಕ. ನಿಧಾನವಾಗಿ ಮಾತಾಡಿಸಿದರೆ ಇನ್ನಷ್ಟು ಹೋದೀತು. ಅದರ ತಮ್ಮನೊಬ್ಬ ಆರ್‌ಎಸ್-485 ಎಂದು, ಅವನು 1200 ಮೀಟರ್‌ವರೆಗೆ ಹೋಗುತ್ತಾನೆ. ಆದರೆ ನಮ್ಮ ಊರಿನ ಸಿಡಿಲು ನೀವು ನೋಡಿದ್ದೀರಲ್ಲ? ಮಳೆಗಾಲಕ್ಕೆ ಮೊದಲು ಏಪ್ರಿಲ್-ಮೇಯಲ್ಲಿ, ಮತ್ತೆ ತುಲಾ ತಿಂಗಳಲ್ಲಿ, ಸಂಜೆಯ ಹೊತ್ತಿಗೆ ಘಟ್ಟದ ಕಡೆಯಿಂದ ಬರುವ ಆ ಗುಡುಗು! ತೋಟದ ತುದಿಯಿಂದ ಮನೆಯವರೆಗೆ ಎಳೆದ ತಾಮ್ರದ ತಂತಿ ಅದಕ್ಕೆ ಕೊಟ್ಟ ಆಮಂತ್ರಣ. ಎಲ್ಲೋ ಬಿದ್ದ ಸಿಡಿಲಿಗೆ ಎರಡು ತುದಿಯ ನೆಲದ ವೋಲ್ಟೇಜು ಬೇರೆಬೇರೆಯಾಗಿ ಪೋರ್ಟಿನ ಪುಟ್ಟ ಚಿಪ್ಪು ಸುಟ್ಟುಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಯಂತ್ರದ ಪಕ್ಕದಲ್ಲೇ ಸಣ್ಣ ಹಲಗೆಯಿಟ್ಟು ಮೋಟು ಕೇಬಲ್ಲಿನಲ್ಲಿ ಕೇಳಿಸಿಕೊಂಡು, ಅಲ್ಲಿಂದ ಮುಂದಕ್ಕೆ ವೈಫೈಯೋ ಫೈಬರೋ ಇರಲಿ. ಬೆಳಕಿನ ಹಾದಿಯಲ್ಲಿ, ಗಾಳಿಯ ಹಾದಿಯಲ್ಲಿ ಸಿಡಿಲಿಗೆ ಹಿಡಿಯಲು ಬಾಲ ಸಿಗುವುದಿಲ್ಲ. ಕರೆಂಟಿನ ತಂತಿಯಲ್ಲಿ ಬರುವ ಏಟಿಗೆ ಬೇರೆ ಉಪಾಯ ಬೇಕು, ಅದು ಇನ್ನೊಂದು ಹರಟೆ.

ಕರೆಂಟು ಎಂದಾಗ ನೆನಪಾಯಿತು. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಕರೆಂಟು ಹೋಗಿ ಬರುವುದು ನಮ್ಮಲ್ಲಿ ಹೊಸತಲ್ಲ. ಹೋಗಿ ಬಂದಾಗಲೆಲ್ಲ ಯುಎಸ್‌ಬಿ-ಸೀರಿಯಲ್ ಕೇಬಲ್ಲುಗಳ ಹೆಸರು ಅದಲುಬದಲಾಗಬಹುದು. ಎರಡು ಕೇಬಲ್ಲು ಇದ್ದರೆ ಮೊದಲು ಎಚ್ಚತ್ತದ್ದಕ್ಕೆ ಸೊನ್ನೆ, ಆಮೇಲಿನದಕ್ಕೆ ಒಂದು. ನಿನ್ನೆ ಸೊನ್ನೆಯಲ್ಲಿದ್ದದ್ದು ಮಳೆಮಾಪಕ, ಇಂದು ಅದೇ ಸೊನ್ನೆಯಲ್ಲಿ ಅಡಿಕೆಯ ತಕ್ಕಡಿ! ಮಳೆಯ ಪುಸ್ತಕದಲ್ಲಿ ಮೂಟೆಯ ತೂಕ ಬೀಳುತ್ತದೆ. ಲಿನಕ್ಸಿನಲ್ಲಿ ಪ್ರತಿ ಕೇಬಲ್ಲಿನ ಹುಟ್ಟುಗುರುತಿನಿಂದಲೇ ಕರೆಯುವ ಬೈ-ಐಡಿ ಎಂಬ ದಾರಿಯುಂಟು. ಅದನ್ನು ಮೊದಲ ದಿನವೇ ಬಳಸುವುದು ಒಳ್ಳೆಯದು. ತೀರಾ ಅಗ್ಗದ ಕೆಲವು ಕೇಬಲ್ಲುಗಳಿಗೆ ಸ್ವಂತ ನಂಬರೇ ಇರುವುದಿಲ್ಲ. ಅಂಥವನ್ನು ಯಾವ ತೂತಿಗೆ ಸಿಕ್ಕಿಸಿದ್ದು ಎಂಬುದರಿಂದ ಗುರುತಿಸಬೇಕು, ಆಮೇಲೆ ತೂತು ಬದಲಿಸಬಾರದು. ಭಾವ ಆ ತೂತಿನ ಪಕ್ಕ ಪೈಂಟಿನಲ್ಲಿ ‘ಮಳೆ’ ಎಂದು ಬರೆದಿಟ್ಟಿದ್ದಾನೆ.

ಇನ್ನು ಭದ್ರತೆ. ಸೀರಿಯಲ್ ಪೋರ್ಟು ಹೆಸರು ಕೇಳುವುದಿಲ್ಲ ಎಂದೆನಲ್ಲ, ಪಾಸ್‌ವರ್ಡೂ ಕೇಳುವುದಿಲ್ಲ. ಕೇಬಲ್ಲು ಸಿಕ್ಕಿಸಬೇಕಾದರೆ ಚಾವಡಿಗೆ ಬರಲೇಬೇಕು, ಬಂದವರನ್ನು ನಾಯಿ ನೋಡುತ್ತದೆ, ಅತ್ತಿಗೆ ನೋಡುತ್ತಾರೆ, ಆ ಧೈರ್ಯದಲ್ಲಿ ಅದು ಇದ್ದದ್ದು. ನೆಟ್‌ವರ್ಕಿಗೆ ಬಿಟ್ಟರೆ ಆ ಚಾವಡಿಗೆ ಇಡೀ ಲೋಕದಿಂದ ಮೆಟ್ಟಿಲು. ಹಾಗೇ ತೆರೆದಿಟ್ಟ ನಂಬರುಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಮುಗಳಿಗೆ ಲೆಕ್ಕವಿಲ್ಲ. ಆರ್‌ಎಫ್‌ಸಿ 2217ರ ಮಾತು ಕೂಡ ಬಿಚ್ಚುಮಾತೇ, ದಾರಿಯಲ್ಲಿ ಯಾರೂ ಕೇಳಬಹುದು. ಅದಕ್ಕೆ ಸರ್‌ಟುನೆಟ್ಟನ್ನು ಮನೆಯೊಳಗಿನವರಿಗೆ ಮಾತ್ರ ಕಿವಿಗೊಡುವಂತೆ ಕೂರಿಸಿ, ಹೊರಗಿನವರು ಎಸ್‌ಎಸ್‌ಎಚ್ ಎಂಬ ಬೀಗದ ಕೊಳವೆಯಿಂದಲೋ ವೈರ್‌ಗಾರ್ಡ್‌ನಂಥ ವಿಪಿಎನ್‌ನಿಂದಲೋ ಬರುವಂತೆ ಮಾಡಬೇಕು. ಹಳ್ಳಿಯ ಬಹಳಷ್ಟು ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಗೆ ಸ್ವಂತ ಹೊರವಿಳಾಸವೂ ಇಲ್ಲ. ನೂರಾರು ಮನೆಗೆ ಒಂದೇ ವಿಳಾಸ. ಹೊರಗಿನಿಂದ ಮನೆಗೆ ಕರೆಯಲಾಗದು, ಮನೆಯಿಂದಲೇ ಹೊರಗೆ ಕರೆ ಮಾಡಿ ಆ ದಾರಿಯನ್ನು ತೆರೆದಿಟ್ಟುಕೊಳ್ಳಬೇಕು. ಸುತ್ತುದಾರಿ ಎನಿಸಿದರೂ ನಡೆಯುತ್ತದೆ.

ಕೂಡ್ಲಿನ ಸಿಪಿಸಿಆರ್‌ಐ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ, 1970ರಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಸ್ಥೆಯಾದ ಜಾಗ ಅದು. ಅಲ್ಲಿನ ಮರಗಳ ವಯಸ್ಸೇ ಒಂದು ಲೆಕ್ಕಪುಸ್ತಕ. ತೆಂಗು, ಅಡಿಕೆಯಂಥ ಬೆಳೆಗಳಿಗೆ ಒಂದೆರಡು ವರ್ಷದ ಅಂಕಿಯಿಂದ ಏನೂ ತಿಳಿಯದು. ಮೂವತ್ತು ವರ್ಷದ್ದು ಬೇಕು. ಮೂವತ್ತು ವರ್ಷದಲ್ಲಿ ಕಂಪ್ಯೂಟರು ಎಷ್ಟು ಸಲ ಬದಲಾಗುತ್ತದೆ? ತಕ್ಕಡಿ, ಮಾಪಕ, ಪರೀಕ್ಷೆಯ ಯಂತ್ರ ಅಷ್ಟು ಸಲ ಬದಲಾಗುವುದಿಲ್ಲ, ಬದಲಾಗಬಾರದೂ ಕೂಡ. ಅಳೆಯುವ ಕೋಲು ಬದಲಾದರೆ ಹಳೆಯ ಅಳತೆಯನ್ನು ಹೊಸದಕ್ಕೆ ಹೋಲಿಸುವುದು ಕಷ್ಟ. ಯಂತ್ರ ಗಟ್ಟಿಯಾಗಿದ್ದು, ಅದಕ್ಕೆ ತಕ್ಕ ಕಿಂಡಿ ಹೊಸ ಕಂಪ್ಯೂಟರಿನಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಗುಜರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಯಂತ್ರದ ಜೊತೆ ಅದರ ಹೋಲಿಕೆಯ ಸರಪಳಿಯೂ ಕಡಿಯಿತು. ಸಣ್ಣದೊಂದು ಹಲಗೆ ಮತ್ತು ಕೇಬಲ್ಲು ಇದ್ದರೆ ಅದು ಇನ್ನೂ ಹತ್ತು ವರ್ಷ ಮಾತಾಡುತ್ತಿತ್ತು. ಹಾಲಿನ ಸೊಸೈಟಿಯಲ್ಲೂ, ಅಡಿಕೆ ಅಂಗಡಿಯಲ್ಲೂ ಹೀಗೆಯೇ. ಬಿಸಾಡುವ ಮೊದಲು ಒಮ್ಮೆ ಬೆನ್ನು ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಭಾವನ ಮನೆಯಲ್ಲಿ ಈಗ ಮಳೆ ಮೂರು ಕಡೆ ಸುರಿಯುತ್ತಿದೆ: ಗುಡ್ಡದಲ್ಲಿ, ಬೆಂಗಳೂರಿನಲ್ಲಿ, ಶಾರ್ಜಾದಲ್ಲಿ. ಬೆಳಿಗ್ಗೆ ಎಂಟೂವರೆಗೆ ದಿನದ ಲೆಕ್ಕ ಮುಚ್ಚುವುದು ಹವಾಮಾನ ಇಲಾಖೆಯ ಕ್ರಮ, ಭಾವನದೂ ಅದೇ. ಗಾಜಿನ ಮಾಪಕವನ್ನು ಅವನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿಗೆ ಬಿದ್ದ ನೀರು ಎಣಿಕೆ ತಪ್ಪುವುದುಂಟು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಬರೆದು ನೋಡುತ್ತಾನೆ. ಮೊನ್ನೆ ಮಗ ಫೋನು ಮಾಡಿ, “ಅಪ್ಪ, ಗಡಿಯಾರ ನಾಲ್ಕು ನಿಮಿಷ ಹಿಂದೆ ಉಂಟು, ನಾನು ಇಲ್ಲಿಂದಲೇ ತಿದ್ದಲಾ?” ಎಂದು ಕೇಳಿದ. “ಎಂಟೂವರೆ ಕಳೆಯಲಿ ಮಗಾ, ಲೆಕ್ಕ ಬರೆದು ಆಗಲಿ. ಆಮೇಲೆ ಶಾರ್ಜಾದವನಿಗೂ ಒಂದು ಮಾತು ಹೇಳಿ ತಿದ್ದು,” ಎಂದ ಭಾವ. ಮಗ ಒಂಬತ್ತಕ್ಕೆ ತಿದ್ದಿದ.